ಜುಲೈ 4ರ ಪಾರ್ಟಿಗೆ ಜೆಲ್ಲಿ ಶಾಟ್: ಜೆಲಟಿನ್ ಬಿಡಿ, ಚೈನಾ ಗ್ರಾಸ್ ಹಿಡಿಯಿರಿ

ಟೆಕ್ಸಸ್‌ನ ಡಲ್ಲಾಸ್ ಕಡೆ ಬೇಸಿಗೆಯಲ್ಲಿ, ಅದರಲ್ಲೂ ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ, ಹಿತ್ತಲಲ್ಲಿ ಪಾರ್ಟಿ ಇಟ್ಟುಕೊಂಡಿರುವ ಕನ್ನಡದವರಿಗೆ ನಾನು ಹೇಳುವುದು ಒಂದೇ ಮಾತು. ಜೆಲ್ಲಿ ಶಾಟ್ ಮಾಡುವ ಆಸೆ ಇದ್ದರೆ ಸೂಪರ್‌ಮಾರ್ಕೆಟ್‌ನ ಜೆಲಟಿನ್ ಡಬ್ಬಿ ತರಬೇಡಿ. ಇಂಡಿಯನ್ ಅಂಗಡಿಗೆ ಹೋಗಿ ಚೈನಾ ಗ್ರಾಸ್ (ಪಾಚಿಯಿಂದ ಮಾಡುವ ಅಗರ್ ಅಗರ್) ತನ್ನಿ, ಜೊತೆಗೆ ಒಂದು ಟಿನ್ ಆಲ್ಫಾನ್ಸೋ ಮಾವಿನ ಪಲ್ಪ್ ತನ್ನಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಜೆಲ್ಲಿ ಶಾಟ್ ಅಂದರೆ ಪುಟ್ಟ ಪ್ಲಾಸ್ಟಿಕ್ ಕಪ್‌ನಲ್ಲಿ ಗಟ್ಟಿ ಮಾಡಿದ ಜೆಲ್ಲಿ, ಅದರೊಳಗೆ ವೋಡ್ಕಾ ಅಥವಾ ರಮ್. ಕಪ್ಪನ್ನು ಸ್ವಲ್ಪ ಒತ್ತಿ ಬಾಯಿಗೆ ಹಾಕಿಕೊಳ್ಳುವುದು, ಅಷ್ಟೇ. ಅಮೆರಿಕದಲ್ಲಿ ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್‌ನ ಲೇಬರ್ ಡೇವರೆಗೆ ಎಲ್ಲೇ ಗ್ರಿಲ್ ಹೊತ್ತಿಸಿದರೂ ಇವು ಒಂದು ಟ್ರೇ ತುಂಬ ಇದ್ದೇ ಇರುತ್ತವೆ. ಎಲ್ಲರೂ ಮಾಡುವುದು ಜೆಲ್-ಓ ಡಬ್ಬಿಯಿಂದ. 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನಲ್ಲಿ ಪರ್ಲ್ ವೇಟ್ ಅನ್ನುವವರು ಶುರು ಮಾಡಿದ ಪುಡಿ ಅದು. 85 ಗ್ರಾಂ ಪ್ಯಾಕೆಟ್, ಒಂದು ಕಪ್ ಕುದಿಯುವ ನೀರು, ಒಂದು ಕಪ್ ತಣ್ಣನೆಯ ನೀರು ಮತ್ತು ಮದ್ಯದ ಮಿಶ್ರಣ, ಆಮೇಲೆ ಫ್ರಿಜ್. ಸುಲಭ, ನಿಜ. ಆದರೆ ತಿಂದಾಗ ಕೆಂಪು ಬಣ್ಣದ ರುಚಿ, ಹಸಿರು ಬಣ್ಣದ ರುಚಿ ಅಂತ ಅನಿಸುತ್ತದೆಯೇ ಹೊರತು ಹಣ್ಣಿನ ರುಚಿ ಸಿಗುವುದಿಲ್ಲ.

ರುಚಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಜೆಲಟಿನ್ ಬರುವುದು ಹಂದಿಯ ಚರ್ಮದಿಂದ, ದನದ ಮೂಳೆ ಮತ್ತು ಚರ್ಮದಿಂದ. ನಮ್ಮ ಪಾರ್ಟಿಗಳಲ್ಲಿ ಸಸ್ಯಾಹಾರಿಗಳು ಎಷ್ಟು ಜನ ಇರುತ್ತಾರೆ, ನಿಮಗೇ ಗೊತ್ತು. ಅವರಲ್ಲಿ ಒಂದು ಪೆಗ್ ಹಾಕುವವರೂ ಇದ್ದಾರೆ, ಆದರೆ ಜೆಲಟಿನ್ ಮುಟ್ಟುವುದಿಲ್ಲ. ಕೆಲವರು ಅದು ಎಲ್ಲಿಂದ ಬರುತ್ತದೆ ಅಂತ ತಿಳಿಯದೆ ತಿಂದುಬಿಡುತ್ತಾರೆ. ನನಗೆ ಅದು ಸರಿ ಅನಿಸುವುದಿಲ್ಲ. ಮನೆಗೆ ಕರೆದವರಿಗೆ ಏನು ಕೊಡುತ್ತಿದ್ದೇವೆ ಅಂತ ಹೇಳುವುದು ಕರೆದವರ ಕೆಲಸ, ಅಲ್ವಾ? ಹೇಳಿದರೆ ಅವರು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಟ್ರೇ ಬಂದಾಗೆಲ್ಲ ಅವರಿಗೆ ಬೇಡ ಅನ್ನಬೇಕಾದ ಕಷ್ಟ ಯಾಕೆ?

ಇನ್ನೊಂದು, ಬಿಸಿಲು. ಇಲ್ಲಿ ಜುಲೈ ಮಧ್ಯಾಹ್ನ ಹೊರಗೆ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲಿ. ಜೆಲಟಿನ್ ಕರಗುವುದೂ ಹೆಚ್ಚುಕಡಿಮೆ ಅಷ್ಟರಲ್ಲೇ. ಅದಕ್ಕೇ ಅದು ಬಾಯಲ್ಲಿ ಕರಗುವುದು, ಅದೇ ಅದರ ಹೆಚ್ಚುಗಾರಿಕೆ. ಆದರೆ ಹಿತ್ತಲಿನ ಮೇಜಿನ ಮೇಲೆ ಇಟ್ಟರೆ ಅದು ಬಾಯಿಯವರೆಗೂ ಕಾಯುವುದಿಲ್ಲ. ಮಂಜುಗಡ್ಡೆ ತುಂಬಿದ ಡಬ್ಬದಲ್ಲಿಟ್ಟು ಕಾಯುತ್ತಾ ಕೂರಬೇಕು.

ಈ ಬಿಸಿಲಿನ ತೊಂದರೆ ಹೊಸದಲ್ಲ. 1881ರ ಸುಮಾರಿಗೆ ಬರ್ಲಿನ್‌ನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಕೆಲಸ ಮಾಡುತ್ತಿದ್ದರು. ಬ್ಯಾಕ್ಟೀರಿಯಾ ಬೆಳೆಸಲು ಅವರು ಬಳಸುತ್ತಿದ್ದದ್ದು ಜೆಲಟಿನ್. ಬೇಸಿಗೆ ಬಂತು ಅಂದರೆ ಅದು ನೀರಾಗುತ್ತಿತ್ತು, ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ಕರಗಿಸುತ್ತಿದ್ದವು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಮನೆಯಲ್ಲಿ ಮಾಡುವ ಜೆಲ್ಲಿ, ಪುಡಿಂಗ್ ಮಾತ್ರ ಬೇಸಿಗೆಯಲ್ಲೂ ಗಟ್ಟಿಯಾಗಿ ನಿಲ್ಲುತ್ತಿತ್ತು. ಕಾರಣ, ಆಕೆ ಹಾಕುತ್ತಿದ್ದದ್ದು ಅಗರ್ ಅಗರ್, ನಮ್ಮ ಚೈನಾ ಗ್ರಾಸೇ ಅದು. ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಆಕೆಗೆ ಅದನ್ನು ಹೇಳಿಕೊಟ್ಟದ್ದು ಜಾವಾದಲ್ಲಿ ಇದ್ದು ಬಂದ ಡಚ್ ನೆರೆಯವರು. ಗಂಡನಿಗೆ ಆಕೆ ಕೊಟ್ಟ ಆ ಸಲಹೆಯಿಂದಲೇ ಇವತ್ತಿಗೂ ಲ್ಯಾಬ್‌ಗಳಲ್ಲಿ ಅಗರ್ ತಟ್ಟೆಗಳಿವೆ. ನನಗೆ ಈ ಕಥೆ ತುಂಬಾ ಇಷ್ಟ. ಅಡುಗೆಮನೆಯಲ್ಲಿ ಗೊತ್ತಿದ್ದ ಒಂದು ವಿಷಯ ವಿಜ್ಞಾನಕ್ಕೆ ಎಷ್ಟು ದೊಡ್ಡ ಉಪಕಾರ ಮಾಡಿತು ನೋಡಿ, ಆದರೆ ಆಕೆಯ ಹೆಸರು ಬಹಳ ಕಾಲ ಯಾರೂ ಹೇಳಲಿಲ್ಲ.

ಚೈನಾ ಗ್ರಾಸ್ ಅಂದರೆ ಸಮುದ್ರದ ಕೆಂಪು ಪಾಚಿಯಿಂದ ತೆಗೆದದ್ದು. ಕರಗಬೇಕಾದರೆ ಸುಮಾರು 85 ಡಿಗ್ರಿ ಬಿಸಿ ಬೇಕು. ಒಮ್ಮೆ ಕರಗಿದ ಮೇಲೆ ತಣ್ಣಗಾಗುತ್ತಾ 40 ಡಿಗ್ರಿಯ ಕೆಳಗೆ ಬಂದಾಗ ಗಟ್ಟಿಯಾಗುತ್ತದೆ, ಅದೂ ಫ್ರಿಜ್ ಇಲ್ಲದೆಯೇ. ಮತ್ತೆ ಕರಗಬೇಕಾದರೆ 85ಕ್ಕೆ ಹೋಗಬೇಕು. ಟೆಕ್ಸಸ್ ಬಿಸಿಲು ಎಷ್ಟೇ ಜೋರಾದರೂ ಅಷ್ಟು ಆಗುವುದಿಲ್ಲ. ಇನ್ನೊಂದು ಲಾಭ ಹಣ್ಣಿನದು. ಹಸಿ ಅನಾನಸ್, ಪರಂಗಿ, ಕಿವಿ, ಅಂಜೂರ, ಹಸಿ ಶುಂಠಿ, ಇವುಗಳಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ಜೆಲಟಿನ್ ಪ್ರೋಟೀನ್, ಹಾಗಾಗಿ ಇವು ಬಿದ್ದರೆ ಎಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟರೂ ನೀರು ನೀರೇ. ಡಬ್ಬಿಯ ಅನಾನಸ್ ಬಳಸಿ ಅಂತ ಅಮೆರಿಕದವರು ಹೇಳುವುದು ಇದಕ್ಕೇ, ಬಿಸಿ ಮಾಡಿದಾಗ ಕಿಣ್ವ ಸತ್ತಿರುತ್ತದೆ. ಚೈನಾ ಗ್ರಾಸ್ ಪ್ರೋಟೀನ್ ಅಲ್ಲ. ಹಸಿ ಹಣ್ಣು ಧಾರಾಳವಾಗಿ ಹಾಕಬಹುದು.

ಈಗ ಮಾವಿನ ಶಾಟ್. ನೀರು 200 ಎಂಎಲ್, ಚೈನಾ ಗ್ರಾಸ್ ಪುಡಿ 4 ಗ್ರಾಂ (ಚಿಕ್ಕ ಚಮಚದಲ್ಲಿ ಸುಮಾರು ಎರಡು), ಆಲ್ಫಾನ್ಸೋ ಪಲ್ಪ್ 200 ಎಂಎಲ್, ಬಿಳಿ ರಮ್ 120 ಎಂಎಲ್, ಒಂದು ಚಮಚ ನಿಂಬೆರಸ, ಚಿಟಿಕೆ ಉಪ್ಪು. ಟಿನ್ ಪಲ್ಪ್‌ಗೆ ಸಕ್ಕರೆ ಮೊದಲೇ ಹಾಕಿರುತ್ತಾರೆ, ಆದ್ದರಿಂದ ರುಚಿ ನೋಡದೆ ಮತ್ತೆ ಹಾಕಬೇಡಿ. ಪುಡಿಯನ್ನು ತಣ್ಣೀರಿಗೆ ಹಾಕಿ ಕದಡಿ, ಆಮೇಲೆ ಒಲೆ ಹೊತ್ತಿಸಿ. ಬಿಸಿ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಕುದಿ ಬಂದ ಮೇಲೆ ಎರಡು ಮೂರು ನಿಮಿಷ ಕೈಯಾಡಿಸುತ್ತಾ ಕುದಿಸಿ, ಇದರಲ್ಲಿ ಅವಸರ ಮಾಡಿದರೆ ಅರ್ಧ ಕರಗಿ ಅರ್ಧ ಮರಳಿನ ಹಾಗೆ ಉಳಿಯುತ್ತದೆ. ಪುಡಿ ಸಿಗದೆ ಉದ್ದ ಎಳೆಗಳು ಸಿಕ್ಕರೆ ಕತ್ತರಿಸಿ, ಅರ್ಧ ಗಂಟೆ ನೆನೆಸಿ, ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಕುದಿಸಿ, ಸೋಸಿಕೊಳ್ಳಿ.

ಮುಂದಿನ ಹೆಜ್ಜೆಯೇ ಮುಖ್ಯ. ಪಲ್ಪ್ ಆಗಲಿ ರಮ್ ಆಗಲಿ ಫ್ರಿಜ್‌ನಿಂದ ನೇರವಾಗಿ ತೆಗೆದು ಹಾಕಬೇಡಿ. ಬಹಳ ಜನ ಬಾಟಲಿಯನ್ನು ಫ್ರೀಜರ್‌ನಲ್ಲೇ ಇಟ್ಟಿರುತ್ತಾರೆ, ಅದನ್ನು ಬೆಳಿಗ್ಗೆಯೇ ಹೊರಗಿಡಿ. ತಣ್ಣನೆಯದು ಬಿದ್ದ ಕಡೆ ಚೈನಾ ಗ್ರಾಸ್ ತಕ್ಷಣ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಕಲಸಿದರೂ ನುಣ್ಣಗಾಗುವುದಿಲ್ಲ. ಪಲ್ಪನ್ನು ಉಗುರು ಬೆಚ್ಚಗೆ ಮಾಡಿಕೊಳ್ಳಿ. ಒಲೆ ಆರಿಸಿ, ಪಲ್ಪ್ ಮತ್ತು ನಿಂಬೆರಸ ಸೇರಿಸಿ ಚೆನ್ನಾಗಿ ಕಲಸಿ, ಕೊನೆಯಲ್ಲಿ ರಮ್ಮನ್ನು ಸಣ್ಣ ಧಾರೆಯಲ್ಲಿ ಬಿಡುತ್ತಾ ಕೈಯಾಡಿಸಿ. ಒಲೆಯ ಮೇಲಿರುವಾಗ ಮದ್ಯ ಹಾಕಬೇಡಿ, ಅದು 78 ಡಿಗ್ರಿಗೇ ಆವಿಯಾಗುತ್ತದೆ, ಬೆಂಕಿಯ ಹತ್ತಿರ ಅಪಾಯ ಕೂಡ. ತಕ್ಷಣ ಕಪ್‌ಗಳಿಗೆ ಹುಯ್ಯಿರಿ. ಮುಚ್ಚಳ ಇರುವ ಎರಡು ಔನ್ಸ್ ಕಪ್‌ಗಳು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ, ಅರ್ಧ ತುಂಬಿದರೆ 30 ಎಂಎಲ್, ಈ ಅಳತೆಗೆ ಹದಿನೇಳು ಕಪ್ ಆಗುತ್ತದೆ.

ಚೈನಾ ಗ್ರಾಸ್ ಜೆಲ್ಲಿ ಬಾಯಲ್ಲಿ ಕರಗುವುದಿಲ್ಲ, ಕಚ್ಚಿದರೆ ಮುರಿಯುತ್ತದೆ ಅಂತ ಜೆಲಟಿನ್ ಇಷ್ಟಪಡುವವರು ಹೇಳುತ್ತಾರೆ. ಅದು ನಿಜ. ಆದರೆ ಬಹಳ ಸಲ ಆ ಗಡಸುತನಕ್ಕೆ ಕಾರಣ ಪುಡಿ ಜಾಸ್ತಿ ಹಾಕಿರುವುದು. ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಗಟ್ಟಿತನ ಬೇರೆ ಬೇರೆ, ಹಾಗಾಗಿ ಎಲ್ಲ ಬೆರೆಸಿದ ಮೇಲೆ ಒಂದು ಚಮಚ ತಣ್ಣನೆಯ ತಟ್ಟೆಗೆ ಹಾಕಿ ಎರಡು ನಿಮಿಷ ಬಿಟ್ಟು ಮುಟ್ಟಿ ನೋಡಿ. ಬೆರಳಿಗೆ ಗಟ್ಟಿಯಾಗಿ ತಾಗಿದರೆ ಸ್ವಲ್ಪ ಬೆಚ್ಚಗಿನ ಪಲ್ಪ್ ಸೇರಿಸಿ. ಮಾವಿನ ಪಲ್ಪ್, ತೆಂಗಿನಹಾಲು ಇಂಥ ದಪ್ಪ ಪದಾರ್ಥಗಳು ಇದ್ದರೆ ಜೆಲ್ಲಿ ತಾನಾಗಿಯೇ ಮೆತ್ತಗಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪುನರ್ಪುಳಿಯದು. ಉತ್ತರ ಕನ್ನಡದವರು ಮುರುಗಲು ಅನ್ನುತ್ತಾರೆ, ಇಲ್ಲಿನ ಅಂಗಡಿಯಲ್ಲಿ ಕೋಕಂ ಅಂತ ಕೇಳಿ. ಒಣಗಿದ ಸಿಪ್ಪೆಯನ್ನು ಬಿಸಿನೀರಲ್ಲಿ ನೆನೆಸಿ ಹಿಂಡಿದರೆ ಎಂಥ ಬಣ್ಣ ಬರುತ್ತದೆ! ಯಾವ ಡಬ್ಬಿಯ ಪುಡಿಗೂ ಆ ಕೆಂಪು ಬರುವುದಿಲ್ಲ. ಸಕ್ಕರೆ, ಉಪ್ಪು, ಹುರಿದ ಜೀರಿಗೆ ಪುಡಿ ಸ್ವಲ್ಪ, ಜೊತೆಗೆ ವೋಡ್ಕಾ. ಒಂದು ಎಚ್ಚರಿಕೆ ಇದೆ: ಹುಳಿ ರಸದಲ್ಲಿ ಚೈನಾ ಗ್ರಾಸ್ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಬರೀ ನೀರಲ್ಲಿ ಕುದಿಸಿ, ಪುನರ್ಪುಳಿ ರಸವನ್ನು ಕೊನೆಯಲ್ಲಿ ಸೇರಿಸಿ, ಪುಡಿ ಒಂದು ಅರ್ಧ ಗ್ರಾಂ ಜಾಸ್ತಿ ಇರಲಿ. ಕೆಳಗೆ ಮಾವು, ಮೇಲೆ ಪುನರ್ಪುಳಿ, ಹೀಗೆ ಎರಡು ಪದರ ಮಾಡುವುದಾದರೆ ಕೆಳಗಿನದು ಆಗಷ್ಟೇ ಕೆನೆಗಟ್ಟಿದಂತಿರುವಾಗ ಮೇಲಿನದನ್ನು ಬಿಸಿಯಾಗಿಯೇ ಹುಯ್ಯಬೇಕು. ಪೂರ್ತಿ ತಣ್ಣಗಾದ ಮೇಲೆ ಹುಯ್ದರೆ ಎರಡೂ ಅಂಟುವುದಿಲ್ಲ, ಕಪ್ಪಿನಿಂದ ಬೇರೆ ಬೇರೆ ಬಿಲ್ಲೆಗಳಾಗಿ ಜಾರಿ ಬರುತ್ತವೆ.

ಅನಾನಸ್ ಗೊಜ್ಜಿನ ರುಚಿಯಲ್ಲೂ ಒಂದು ಮಾಡಬಹುದು. ಅನಾನಸ್ ಚೂರುಗಳನ್ನು ಬೆಲ್ಲ, ಉಪ್ಪು, ಚಿಟಿಕೆ ಬ್ಯಾಡಗಿ ಮೆಣಸಿನ ಪುಡಿಯ ಜೊತೆ ಬೇಯಿಸಿ, ರುಬ್ಬಿ ಸೋಸಿ, ಕಪ್ಪು ರಮ್ ಸೇರಿಸಿ. ಓಲ್ಡ್ ಮಾಂಕ್ ಸಿಕ್ಕರೆ ಅದನ್ನೇ ಹಾಕಿ, ಬೆಲ್ಲಕ್ಕೂ ಅದಕ್ಕೂ ಬಹಳ ಚೆನ್ನಾಗಿ ಹೊಂದುತ್ತದೆ. ಕಲ್ಲಂಗಡಿ ಸುಲಭ, ರಸ ತೆಗೆದು ಮಾಡಿದರಾಯಿತು. ಪ್ಲಾಸ್ಟಿಕ್ ಬೇಡ ಅನ್ನುವವರು ನಿಂಬೆಹಣ್ಣನ್ನು ಅರ್ಧ ಮಾಡಿ, ತಿರುಳು ತೆಗೆದು, ಆ ಬಟ್ಟಲಿಗೆ ಹುಯ್ದು, ಗಟ್ಟಿಯಾದ ಮೇಲೆ ಹೋಳು ಮಾಡಿ. ನೋಡಲು ಪುಟ್ಟ ಕಲ್ಲಂಗಡಿ ಹೋಳುಗಳೇ.

ಮದ್ಯದ ಪ್ರಮಾಣದ ಬಗ್ಗೆ ಗಂಭೀರವಾಗಿ ಹೇಳಬೇಕು. ಅಮೆರಿಕದಲ್ಲಿ ಒಂದು ಡ್ರಿಂಕ್ ಅಂತ ಲೆಕ್ಕ ಹಾಕುವುದು 40 ಶೇಕಡಾ ಇರುವ 44 ಎಂಎಲ್ ಮದ್ಯಕ್ಕೆ. ನನ್ನ ಅಳತೆಯಲ್ಲಿ ಆರು ಕಪ್ ಸೇರಿದರೆ ಒಂದು ಡ್ರಿಂಕ್. ಡಬ್ಬಿಯ ಜೆಲ್ಲಿಗೆ ತಣ್ಣೀರಿನ ಬದಲು ಪೂರ್ತಿ ಒಂದು ಕಪ್ ವೋಡ್ಕಾ ಸುರಿಯುವವರಿದ್ದಾರೆ, ಅಂಥದ್ದರಲ್ಲಿ ಮೂರೇ ಕಪ್‌ಗೆ ಒಂದು ಡ್ರಿಂಕ್ ಆಗಿಬಿಡುತ್ತದೆ. ಸಿಹಿಯಲ್ಲಿ ಮದ್ಯದ ಘಾಟು ಗೊತ್ತಾಗುವುದಿಲ್ಲ, ಮಾತಾಡುತ್ತಾ ಮಾತಾಡುತ್ತಾ ಐದಾರು ಒಳಗೆ ಹೋಗಿರುತ್ತವೆ, ಏರುವುದು ಆಮೇಲೆ. 1862ರಲ್ಲೇ ಜೆರ್ರಿ ಥಾಮಸ್ ಎಂಬ ಬಾರ್‌ಟೆಂಡರ್ ಪಂಚ್ ಜೆಲ್ಲಿ ಮಾಡುವುದನ್ನು ಬರೆದು, ಇದರ ಶಕ್ತಿ ಒಳಗೇ ಅಡಗಿರುತ್ತದೆ, ಹುಷಾರು ಅಂತ ಓದುಗರಿಗೆ ಹೇಳಿದ್ದರು. ಊಟದ ನಂತರ ಡ್ಯಾನ್ಸ್ ಮಾಡಲಾಗದಷ್ಟು ಜನ ತಿಂದುಬಿಡುತ್ತಾರೆ ಅನ್ನುವುದು ಅವರ ಚಿಂತೆ. ಇಲ್ಲಿ ಚಿಂತೆ ಡ್ಯಾನ್ಸ್ ಅಲ್ಲ, ಮನೆಗೆ ಕಾರು ಓಡಿಸಿಕೊಂಡು ಹೋಗುವುದು. ಎಷ್ಟು ಕಪ್‌ಗೆ ಒಂದು ಡ್ರಿಂಕ್ ಅಂತ ಚೀಟಿ ಬರೆದು ಟ್ರೇ ಪಕ್ಕ ಅಂಟಿಸಿ. ಓಡಿಸುವವರಿಗೆ ಒತ್ತಾಯ ಮಾಡಬೇಡಿ.

ಮಕ್ಕಳ ವಿಷಯ ಇನ್ನೂ ಮುಖ್ಯ. ಜೆಲ್ಲಿ ಕಂಡರೆ ಮಕ್ಕಳು ಬಿಡುವುದಿಲ್ಲ, ಬಣ್ಣದ ಕಪ್‌ಗಳು ಅವರ ಕೈಗೆ ಎಟುಕುವ ಎತ್ತರದಲ್ಲೇ ಇರುತ್ತವೆ. ಹಾಗಾಗಿ ಮದ್ಯ ಇಲ್ಲದ್ದನ್ನು ಬೇರೆ ಬಣ್ಣದ ಕಪ್‌ನಲ್ಲಿ ಮಾಡಿದರೆ ಸಾಲದು, ಆಕಾರವೇ ಬೇರೆ ಇರಬೇಕು. ಅದನ್ನು ದೊಡ್ಡ ತಟ್ಟೆಗೆ ಹುಯ್ದು ಬರ್ಫಿ ಥರ ಕತ್ತರಿಸಿ. ಕಪ್‌ನಲ್ಲಿದ್ದರೆ ದೊಡ್ಡವರದ್ದು, ತಟ್ಟೆಯಲ್ಲಿದ್ದರೆ ಎಲ್ಲರದ್ದು. ಈ ನಿಯಮ ನಾಲ್ಕು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಮದ್ಯದ ಟ್ರೇ ಅಡುಗೆಮನೆಯ ಕಟ್ಟೆಯ ಮೇಲೆ, ದೊಡ್ಡವರೊಬ್ಬರ ಕಣ್ಣ ಮುಂದೆಯೇ ಇರಲಿ. ಬೇಸಿಗೆಯಲ್ಲಿ ಊರಿಂದ ಬಂದಿರುವ ಅಪ್ಪ ಅಮ್ಮ, ಅತ್ತೆ ಮಾವ ಕೂಡ ತಟ್ಟೆಯದ್ದನ್ನು ನಿಶ್ಚಿಂತೆಯಿಂದ ತಿನ್ನುತ್ತಾರೆ. ಪುನರ್ಪುಳಿ ಜೀರಿಗೆ ಜೆಲ್ಲಿ ಅಂದರೆ ಮಂಗಳೂರು ಕಡೆಯ ಹಿರಿಯರು ಮೊದಲು ಆಶ್ಚರ್ಯಪಟ್ಟು ಆಮೇಲೆ ಎರಡನೇ ತುಂಡು ಕೇಳುತ್ತಾರೆ.

ಹಿಂದಿನ ರಾತ್ರಿ ಮಾಡಿ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಸಾಕು, ಅದಕ್ಕಿಂತ ಮೊದಲು ಬೇಡ. ದಿನ ಕಳೆದಂತೆ ಚೈನಾ ಗ್ರಾಸ್ ಜೆಲ್ಲಿ ನೀರು ಬಿಡುತ್ತದೆ. ಫ್ರೀಜರ್‌ನಲ್ಲಂತೂ ಇಡಲೇಬೇಡಿ, ಕರಗಿದಾಗ ನೀರೆಲ್ಲ ಹೊರಗೆ ಬಂದು ಬರೀ ಸ್ಪಂಜಿನಂಥದ್ದು ಉಳಿಯುತ್ತದೆ. ಕರಗುವುದಿಲ್ಲ ಅಂತ ಗಂಟೆಗಟ್ಟಲೆ ಬಿಸಿಲಲ್ಲೂ ಬಿಡಬೇಡಿ, ಹಣ್ಣಿನ ರಸ ಕೆಡುತ್ತದೆ, ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ, ತಣ್ಣಗಿದ್ದರೇ ರುಚಿ. ತಟ್ಟೆಯಲ್ಲಿ ಮಾವಿನ ತುಂಡುಗಳು ಉಳಿದರೆ ಮರುದಿನ ತಣ್ಣನೆಯ ಹಾಲಿಗೆ ಹಾಕಿ, ನೆನೆಸಿದ ಕಾಮಕಸ್ತೂರಿ ಬೀಜ ಸೇರಿಸಿ ಫಲೂದಾ ಮಾಡಿಕೊಳ್ಳಿ. ಪುನರ್ಪುಳಿಯದ್ದನ್ನು ಮಾತ್ರ ಹಾಲಿಗೆ ಹಾಕಬೇಡಿ, ಒಡೆದುಹೋಗುತ್ತದೆ, ಅದನ್ನು ಸೋಡಾಕ್ಕೆ ಹಾಕಿ ಕುಡಿಯಿರಿ.