ಹನ್ನೆರಡು ನಿಮಿಷದ ಊಟ

ಟೋಕಿಯೊದಲ್ಲಿ ನಾನು ನೆಲೆಸಿ ಒಂಬತ್ತು ವರ್ಷಗಳಾದವು. ಊರಿನಿಂದ ಬರುವ ನೆಂಟರಿಷ್ಟರಿಗೆ ರಾಮೆನ್, ಅಂದರೆ ಬಿಸಿ ರಸದಲ್ಲಿ ಮುಳುಗಿಸಿದ ಗೋಧಿ ನೂಡಲ್ಸ್, ತಿನ್ನಿಸುವುದು ಈ ಅವಧಿಯಲ್ಲಿ ನನಗೆ ರೂಢಿಯ ಕೆಲಸವಾಗಿಬಿಟ್ಟಿದೆ: ರೈಲು ನಿಲ್ದಾಣದ ಬಳಿಯ ಯಾವುದಾದರೂ ಅಂಗಡಿಯನ್ನು ಹೊಕ್ಕು, ಬಾಗಿಲ ಪಕ್ಕದ ಯಂತ್ರಕ್ಕೆ ಎಂಟುನೂರೋ ಒಂಬೈನೂರೋ ಯೆನ್ ಹಾಕಿ ಚೀಟಿ ಪಡೆದು, ಹತ್ತು ನಿಮಿಷದಲ್ಲಿ ಉಂಡು ಹೊರಬೀಳುವುದು. ಕಳೆದ ನವೆಂಬರಿನಲ್ಲಿ ಪುತ್ತೂರಿನಿಂದ ಚಿಕ್ಕಪ್ಪ ಬಂದಾಗ ಮಾತ್ರ ಈ ರೂಢಿಯನ್ನು ಮುರಿದು, ಒಂದು ಬಟ್ಟಲಿಗೆ 2,200 ಯೆನ್ ಬೆಲೆಯಿರುವ, ಎಂಟೇ ಮಂದಿ ಕೂರಬಹುದಾದ ಒಂದು ಹೊಸ ಬಗೆಯ ರಾಮೆನ್ ಮನೆಗೆ ಅವರನ್ನು ಕರೆದುಕೊಂಡು ಹೋದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಮುಂದಿನ ಸಾಲು ಈಗಲೇ ಬೇಕಾದಷ್ಟು ಉದ್ದವಿದೆ.

ಚಿಕ್ಕಪ್ಪನಿಗೆ ಮೊಣಕಾಲು ನೋವು. ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪಲೆಂದು ತಲೆಗೆ 500 ಯೆನ್ ಹೆಚ್ಚುವರಿ ಕೊಟ್ಟು ಮೊದಲೇ ಹೊತ್ತು ಗೊತ್ತುಮಾಡಿಕೊಂಡಿದ್ದೆ, ಆದರೆ ಆ ವಿಷಯವನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನಿಶಿ-ಕಸಾಯ್‌ನಿಂದ ಹೊರಟ ರೈಲಿನಲ್ಲಿ ಬಟ್ಟಲಿನ ಬೆಲೆಯನ್ನಷ್ಟೇ ಹೇಳಿದೆ. ಅವರು ಮನಸ್ಸಿನಲ್ಲೇ ರೂಪಾಯಿಗೆ ಇಳಿಸಿಕೊಂಡು, “ಎಂತ ಮಾರಾಯ್ತಿ, ಒಂದು ಬಟ್ಟಲು ಸೇಮಿಗೆಗೆ ಸಾವಿರದ ಇನ್ನೂರರ ಮೇಲೆ ಉಂಟಾ? ಅಷ್ಟರಲ್ಲಿ ನಮ್ಮಲ್ಲಿ ಮನೆಮಂದಿಯೆಲ್ಲ ಕೋರಿ ರೊಟ್ಟಿ ತಿನ್ನಬಹುದು” ಎಂದರು.

ಚಿಕ್ಕಪ್ಪನ ಈ ಮುನಿಸು ಪರದೇಶಿಯ ಮುನಿಸೇನೂ ಅಲ್ಲ. ಇಲ್ಲಿ ರಾಮೆನ್ ವ್ಯಾಪಾರದಲ್ಲಿರುವವರು “ಸಾವಿರ ಯೆನ್ನಿನ ಗೋಡೆ” ಎಂಬ ಮಾತನ್ನು ಬಹಳ ಕಾಲದಿಂದ ಆಡಿಕೊಂಡು ಬಂದಿದ್ದಾರೆ. ಸುಶಿಗಾಗಿ ಹತ್ತು ಸಾವಿರ ಯೆನ್ ಎಣಿಸಿಕೊಡುವ ಗಿರಾಕಿಯೂ ರಾಮೆನ್ನಿನ ಬೆಲೆ ಸಾವಿರವನ್ನು ದಾಟಿತೆಂದರೆ ಹುಬ್ಬು ಗಂಟಿಕ್ಕುತ್ತಾನೆ, ಏಕೆಂದರೆ ಅವನ ಪಾಲಿಗೆ ಅದು ದುಡಿದು ದಣಿದವರ ಊಟ. 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ರಾಯ್‌ರಾಯ್‌ಕೆನ್ ಎಂಬ ಅಂಗಡಿಯು ಯೊಕೊಹಾಮಾದ ಚೀನೀ ಕೇರಿಯಿಂದ ಅಡುಗೆಯವರನ್ನು ಕರೆತಂದು ಈ ತಿನಿಸನ್ನು ಜನಪ್ರಿಯಗೊಳಿಸಿತು. ಎರಡನೆಯ ಮಹಾಯುದ್ಧದಲ್ಲಿ ಸೋತು ಅಕ್ಕಿಗೆ ಬರ ಬಂದ ದಿನಗಳಲ್ಲಿ ಅಮೆರಿಕದಿಂದ ಬಂದ ಗೋಧಿ ಹಿಟ್ಟು ತಳ್ಳುಗಾಡಿಗಳಲ್ಲಿ ನೂಡಲ್ಸ್ ಆಗಿ ಹಸಿದವರ ಹೊಟ್ಟೆ ತುಂಬಿಸಿತು. 1958ರಲ್ಲಿ ಮೊಮೊಫುಕು ಆಂಡೊ ಅದನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ ಪೊಟ್ಟಣಕ್ಕೆ ಇಳಿಸಿದರು. ಅದೇ ಉಪಾಯದ ಮುಂದುವರಿಕೆಯೇ ನಮ್ಮೂರಿನ ಕಿರಾಣಿ ಅಂಗಡಿಗಳಲ್ಲಿ ತೂಗಾಡುವ ಎರಡು ನಿಮಿಷದ ಪೊಟ್ಟಣಗಳು. ಇಂಥ ವಂಶಾವಳಿಯ ತಿನಿಸಿಗೆ 2015ರ ಡಿಸೆಂಬರಿನಲ್ಲಿ, ಉತ್ತಮ ಅಡುಗೆಯ ಹೋಟೆಲುಗಳಿಗೆ ಕೊಡುವ ಮಿಶೆಲಿನ್ ನಕ್ಷತ್ರ ದೊರೆಯಿತು. ಸುಗಾಮೊ ಬಡಾವಣೆಯಲ್ಲಿ ಯೂಕಿ ಓನಿಶಿ 2012ರಲ್ಲಿ ತೆರೆದಿದ್ದ ‘ತ್ಸುತಾ’ ಎಂಬ ಪುಟ್ಟ ಅಂಗಡಿಯು ಲೋಕದಲ್ಲೇ ಮೊದಲ ಬಾರಿಗೆ ಈ ಮನ್ನಣೆಯನ್ನು ಪಡೆದ ರಾಮೆನ್ ಮನೆ. ಓನಿಶಿ 2022ರಲ್ಲಿ, ಹೋಗುವ ವಯಸ್ಸಲ್ಲದ ವಯಸ್ಸಿನಲ್ಲಿ, ತೀರಿಕೊಂಡರು. ಅವರು ತೋರಿದ ದಾರಿಯಲ್ಲಿ ನಡೆದವರ ಅಂಗಡಿಗಳು ಇಂದು ಟೋಕಿಯೊದಲ್ಲಿ ಸಾಕಷ್ಟಿವೆ, ನಾವು ಹೋದದ್ದೂ ಅಂಥದೊಂದಕ್ಕೆ.

ಒಳಗೆ ಯಂತ್ರವಿರಲಿಲ್ಲ, ಗೋಡೆಗೆ ಅಂಟಿಸಿದ ಚಿತ್ರಗಳಿರಲಿಲ್ಲ, ಹಂದಿಯ ಮೂಳೆ ಕುದಿಯುವ ಆ ಗಾಢ ವಾಸನೆಯೂ ಇರಲಿಲ್ಲ. ಹಿನೊಕಿ ಮರದ ಒಂದೇ ಹಲಗೆಯಿಂದ ಮಾಡಿದ ಉದ್ದನೆಯ ಕಟ್ಟೆ, ಅದರಾಚೆ ಇಬ್ಬರೇ ಅಡುಗೆಯವರು, ಮತ್ತು ಕೊರಳು ಕೊಂಕಿಸಿದರೆ ಎಲ್ಲವೂ ಕಾಣುವಂತೆ ತೆರೆದಿಟ್ಟ ಒಲೆ. ಹಂದಿಮಾಂಸ ಬೇಡವೆಂದು ನಾನು ಮೊದಲೇ ತಿಳಿಸಿದ್ದೆ, ಅವರು ಒಪ್ಪಿದ್ದರು. ಇಂಥ ಅಂಗಡಿಗಳಲ್ಲಿ ಇದು ಸುಲಭದ ಕೋರಿಕೆಯಲ್ಲ. ಬಟ್ಟಲು ಅಡುಗೆಯವನು ಕಲ್ಪಿಸಿದಂತೆಯೇ ಇರಬೇಕು, ಗಿರಾಕಿ ಅದನ್ನು ತಿದ್ದಬಾರದು ಎಂಬ ಪಟ್ಟು ಇವರಲ್ಲಿ ಹಲವರಿಗಿದೆ.

ಬಟ್ಟಲು ಸಿದ್ಧವಾಗುವುದನ್ನು ಚಿಕ್ಕಪ್ಪ ಕಣ್ಣು ಕೀಳದೆ ನೋಡಿದರು. ನಮ್ಮ ಸಾರಿನಂತೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿದು ಒಂದಾಗುವ ಪದ್ಧತಿ ಇದಲ್ಲ. ಬಿಸಿನೀರಿನಲ್ಲಿ ಬೆಚ್ಚಗಾಗಿಸಿದ ಬಟ್ಟಲಿನ ತಳಕ್ಕೆ ಮೊದಲು ‘ತಾರೆ’ ಎಂಬ ಗಟ್ಟಿಯಾದ ಉಪ್ಪಿನ ರಸ ಬೀಳುತ್ತದೆ. ಈ ಅಂಗಡಿಯಲ್ಲಿ ಅದು ಬೇರೆ ಬೇರೆ ಊರುಗಳ ಸೋಯಾ ಸಾಸುಗಳನ್ನು ಬೆರೆಸಿದ್ದು, ಅದರಲ್ಲೊಂದು ಶೋಡೊಶಿಮಾ ದ್ವೀಪದಲ್ಲಿ ಆಳೆತ್ತರದ ಮರದ ಪೀಪಾಯಿಗಳಲ್ಲಿ ಹುದುಗಿ ಬಂದದ್ದು. ಅದರ ಮೇಲೆ ಕೋಳಿಕೊಬ್ಬಿನ ಒಂದು ಸೌಟು, ಆಮೇಲೆ ತಿಳಿ ರಸ, ಕೊನೆಗೆ ನೂಡಲ್ಸ್. ತಿಳಿ ರಸಕ್ಕೆ ಇಲ್ಲಿ ‘ಚಿಂತಾನ್’ ಎನ್ನುತ್ತಾರೆ. ಮೂಳೆಗಳನ್ನು ತಕತಕ ಕುದಿಸಿದರೆ ಕೊಬ್ಬೂ ನೀರೂ ಕಲಸಿಕೊಂಡು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಇನ್ನೊಂದು ಜಾತಿ. ಚಿಂತಾನ್ ಬೇಕಾದರೆ ನೀರು ಕುದಿಯ ಅಂಚಿನಲ್ಲೇ ಗಂಟೆಗಟ್ಟಲೆ ನಿಲ್ಲಬೇಕು, ಒಮ್ಮೆಯೂ ಉಕ್ಕಬಾರದು, ನೊರೆ ತೆಗೆಯುತ್ತಲೇ ಇರಬೇಕು. ಅದಕ್ಕೆ ಬಳಸುವುದು ‘ಜಿದೊರಿ’ ಎಂಬ ನಾಟಿ ತಳಿಯ ಕೋಳಿ, ಕನಿಷ್ಠ 75 ದಿನ ಬೆಳೆಸದ ಕೋಳಿಗೆ ಆ ಹೆಸರು ಹಾಕುವಂತಿಲ್ಲವೆಂಬ ನಿಯಮವೇ ಇದೆ. ಅಡುಗೆಯವರು ಇದನ್ನೆಲ್ಲ ಹೇಳುತ್ತಿದ್ದಾಗ ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಚಿಕ್ಕಪ್ಪ ನಡುವೆಯೇ ತಡೆದು, ಬಟ್ಟಲಿನ ಮೇಲೆ ಬಾಗಿ ಮೂಸಿ, “ಇದರಲ್ಲಿ ಮರುವಾಯಿ ಉಂಟು” ಎಂದರು. ನಿಜವಾಗಿಯೂ ಇತ್ತು, ರಸದ ಅರ್ಧ ಬಲ ‘ಹಾಮಗುರಿ’ ಎಂಬ ಚಿಪ್ಪಿನದು.

ಈ ರುಚಿಯ ಹಿಂದೆ ಒಂದು ಲೆಕ್ಕಾಚಾರವಿದೆ. 1908ರಲ್ಲಿ ಕಿಕುನಾಯೆ ಇಕೆದಾ ಎಂಬ ರಸಾಯನ ವಿಜ್ಞಾನಿ ಕೊಂಬು ಎಂಬ ಕಡಲ ಪಾಚಿಯಿಂದ ಗ್ಲುಟಮೇಟ್ ಎಂಬ ರುಚಿಯ ಅಂಶವನ್ನು ಬೇರ್ಪಡಿಸಿ ಅದರ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮಾ ಒಣಗಿಸಿದ ಬೊನಿಟೊ ಮೀನಿನಲ್ಲಿ ಇನೊಸಿನೇಟ್ ಎಂಬ ಅಂಥದೇ ಇನ್ನೊಂದು ಅಂಶವನ್ನು ಗುರುತಿಸಿದರು. ಇವೆರಡೂ ಒಂದೇ ಬಟ್ಟಲಿನಲ್ಲಿ ಸೇರಿದರೆ ರುಚಿ ಕೂಡುವುದಲ್ಲ, ಗುಣಿಸುತ್ತದೆ. ಉಪ್ಪು, ಖಾರ, ಹುಳಿಗಳ ಒಗ್ಗರಣೆಯಲ್ಲಿ ಬೆಳೆದ ನಮ್ಮ ನಾಲಿಗೆಗೆ ಮೊದಲ ಗುಟುಕಿನಲ್ಲಿ ಇದು ಸಪ್ಪೆ ಎನಿಸುತ್ತದೆ, ಮೂರನೆಯ ಗುಟುಕಿನ ಹೊತ್ತಿಗೆ ಸೌಟನ್ನು ಕೆಳಗಿಡಲು ಮನಸ್ಸು ಬರುವುದಿಲ್ಲ. ಚಿಕ್ಕಪ್ಪ ಮೊದಲ ಗುಟುಕಿಗೆ ಸುಮ್ಮನಿದ್ದರು. ಎರಡನೆಯದಕ್ಕೆ, “ಮೆಣಸಿನ ಪುಡಿ ಉಂಟಾ ಕೇಳು” ಎಂದರು. ನಾನು ಕೇಳಲಿಲ್ಲ. ಮೂರನೆಯದರ ನಂತರ ಅವರೂ ಮತ್ತೆ ಕೇಳಲಿಲ್ಲ.

ನೂಡಲ್ಸಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಊಟದ ವಿಚಿತ್ರವೆಲ್ಲ ಅಲ್ಲಿದೆ. ಗೋಧಿ ಹಿಟ್ಟಿಗೆ ‘ಕಾನ್‌ಸುಯಿ’ ಎಂಬ ಕ್ಷಾರದ ನೀರು ಬೆರೆಸುವುದರಿಂದ ಅದಕ್ಕೆ ಹಳದಿ ಛಾಯೆಯೂ ಪುಟಿಯುವ ಗುಣವೂ ಬರುತ್ತವೆ. ಇಲ್ಲಿಯ ನೂಡಲ್ಸ್ ಹೊಕ್ಕೈದೊ ಗೋಧಿಯದು, ತೌಡಿನ ಚುಕ್ಕೆಗಳಿರುವ ತೆಳ್ಳನೆಯ ಎಳೆ. ಒಂದೇ ನಿಮಿಷದಲ್ಲಿ ಬೇಯುತ್ತದೆ ಮತ್ತು ಬೆಂದ ಗಳಿಗೆಯಿಂದಲೇ ರಸ ಕುಡಿದು ಹಿಗ್ಗತೊಡಗುತ್ತದೆ. ಹೀಗೆ ಹಿಗ್ಗುವುದಕ್ಕೆ ಜಪಾನೀಯರು ‘ನೊಬಿರು’ ಎನ್ನುತ್ತಾರೆ, ಅದು ಅವರ ಬಾಯಲ್ಲಿ ಒಂದು ಬೈಗುಳದಷ್ಟು ಕಟು. ಹಾಗಾಗಿ ಬೇರೆ ದುಬಾರಿ ಊಟಗಳಲ್ಲಿ ಹಣ ಕೊಟ್ಟವನಿಗೆ ಸಿಗುವ ನಿಧಾನ ಇಲ್ಲಿ ಸಿಗಲಾರದು. ಪೀಪಾಯಿಯಲ್ಲಿ ಹುದುಗುವ ಸಾಸು, ಬೆಳೆಯುವ ಕೋಳಿ, ರಾತ್ರಿಯಿಡೀ ಕಾಯುವ ರಸ, ಎಲ್ಲಕ್ಕೂ ಬೇಕಾದಷ್ಟು ಹೊತ್ತಿದೆ. ಹೊತ್ತಿಲ್ಲದಿರುವುದು ಉಣ್ಣುವವನಿಗೆ ಮಾತ್ರ. ನಮ್ಮ ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಪ್ರವಾಸಿಗಳು ಬಟ್ಟಲನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ಚಿತ್ರ ತೆಗೆಯುತ್ತಿದ್ದಷ್ಟು ಹೊತ್ತೂ ಅಡುಗೆಯವರು ಏನೂ ಮಾತಾಡಲಿಲ್ಲ, ಆದರೆ ಅವರ ಮುಖ ನೋಡಿ ನನಗೇ ಸಂಕಟವಾಯಿತು.

ಚಿಕ್ಕಪ್ಪನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. “ಒಣ ರೊಟ್ಟಿಯ ಮೇಲೆ ಗಸಿ ಸುರಿದ ಮೇಲೆ ಮಾತಾಡುತ್ತ ಕೂರುವುದುಂಟಾ?” ಎಂದವರೇ ಕಡ್ಡಿಗಳನ್ನು ಎತ್ತಿಕೊಂಡರು. ಕಡ್ಡಿಯ ಅಭ್ಯಾಸ ಅವರಿಗಿರಲಿಲ್ಲ, ಆದರೆ ಸದ್ದಿನ ಅಭ್ಯಾಸ ಚೆನ್ನಾಗಿತ್ತು. ರಾಮೆನ್ನನ್ನು ಸದ್ದು ಮಾಡಿಯೇ ಎಳೆದುಕೊಳ್ಳಬೇಕು: ಗಾಳಿಯೊಂದಿಗೆ ಬಾಯಿಗೆ ಬಂದರೆ ಬಿಸಿಯೂ ತಗ್ಗುತ್ತದೆ, ಪರಿಮಳವೂ ಮೂಗಿಗೇರುತ್ತದೆ. ಇಂಗ್ಲಿಷ್ ಶಾಲೆಯ ಸಿಸ್ಟರುಗಳಿಂದ ತುಟಿ ಬಿಗಿದು ಉಣ್ಣಲು ಕಲಿತ ನನಗೆ ಅದು ಒಂಬತ್ತು ವರ್ಷಗಳಾದರೂ ಸರಿಯಾಗಿ ಬಂದಿಲ್ಲ. ಮದುವೆಮನೆಯ ಬಾಳೆಲೆಯಿಂದ ಪಾಯಸವನ್ನು ಅಂಗೈಯಲ್ಲಿ ಬಾಚಿ ಸುರ್ರೆಂದು ಸುರಿದು, ಎದುರು ಪಂಕ್ತಿಯವರೂ ತಲೆಯೆತ್ತುವಂತೆ ಮಾಡುತ್ತಿದ್ದ ಚಿಕ್ಕಪ್ಪನಿಗೆ ಮಾತ್ರ ಅದು ಮೊದಲ ಎಳೆಯಲ್ಲೇ ಒಲಿಯಿತು. ಅಡುಗೆಯವರು ಅಂದು ಸಂಜೆ ನಕ್ಕದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಮೇಲೆ ಹರಡಿದ್ದ ಕೋಳಿಯ ಹೋಳುಗಳು ಕಡಿಮೆ ಕಾವಿನಲ್ಲಿ ಬೆಂದು ಒಳಗೆ ನಸುಗೆಂಪಾಗಿದ್ದವು. “ಇದು ಬೆಂದೇ ಇಲ್ಲ” ಎಂದು ಅವರು ಅವನ್ನು ನನ್ನ ಬಟ್ಟಲಿಗೆ ವರ್ಗಾಯಿಸಿದರು. ಆದರೆ ‘ಮೆನ್ಮಾ’ ಬಾಯಿಗೆ ಬಿದ್ದಾಗ ಅವರ ಕೈ ನಿಂತಿತು. ಅದು ಹುದುಗಿಸಿದ ಬಿದಿರ ಕಳಲೆ. “ಕಣಿಲೆಯಲ್ಲವಾ ಇದು?” ಎಂದು ಕೇಳಿ, ಇನ್ನೊಂದು ತುಂಡನ್ನು ಅಗಿದು, ಆಟಿ ತಿಂಗಳ ಮಳೆಯಲ್ಲಿ ತಮ್ಮ ತಾಯಿ ಕಣಿಲೆಯನ್ನು ಕತ್ತರಿಸಿ ದಿನವೂ ನೀರು ಬದಲಿಸಿ ನೆನೆಸಿಡುತ್ತಿದ್ದುದನ್ನು, ಹೆಸರು ಕಾಳಿನೊಂದಿಗೆ ಪಲ್ಯ ಮಾಡುತ್ತಿದ್ದುದನ್ನು ಹೇಳತೊಡಗಿದರು. ನೂಡಲ್ಸ್ ಹಿಗ್ಗುತ್ತದೆಂದು ಈ ಬಾರಿ ಎಚ್ಚರಿಸಬೇಕಾದವಳು ನಾನಾದೆ, ಆದರೆ ಎಚ್ಚರಿಸಲಿಲ್ಲ.

ಕೊನೆಗೆ ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ರಸವನ್ನು ತಳ ಕಾಣುವವರೆಗೆ ಕುಡಿದರು. ಖಾಲಿ ಬಟ್ಟಲನ್ನು ಕಟ್ಟೆಯ ಮೇಲೆ ಎತ್ತಿಟ್ಟು, ನಾನು ಹೇಳಿಕೊಟ್ಟಂತೆ ಊಟಕ್ಕೆ ಧನ್ಯವಾದ ಹೇಳುವ “ಗೊಚಿಸೋಸಾಮಾ” ಎಂಬ ಮಾತನ್ನಾಡಿ ತಲೆ ಬಾಗಿಸಿ ಹೊರಬಂದಾಗ ಗಡಿಯಾರ ನೋಡಿದೆ. ಬಟ್ಟಲು ಮುಂದೆ ಬಂದ ಗಳಿಗೆಯಿಂದ ಹನ್ನೆರಡು ನಿಮಿಷವಾಗಿತ್ತು. ಭಕ್ಷೀಸು ಕೊಡುವ ಪದ್ಧತಿ ಇಲ್ಲಿಲ್ಲವೆಂದು ತಿಳಿದು ಅವರಿಗೆ ಸ್ವಲ್ಪ ಸಮಾಧಾನವಾಯಿತು.

ರಾತ್ರಿ ಮನೆಯಲ್ಲಿ ಚಿಕ್ಕಮ್ಮನೊಂದಿಗೆ ವಿಡಿಯೋ ಕರೆಯಲ್ಲಿ ಮಾತಾಡುತ್ತ ಅವರು ಕಣಿಲೆಯ ಸುದ್ದಿಯನ್ನು ಹೇಳಿದರು, ಮರುವಾಯಿಯ ಸುದ್ದಿಯನ್ನು ಹೇಳಿದರು, ಹಿನೊಕಿ ಹಲಗೆಯ ಅಗಲವನ್ನು ಕೈಚಾಚಿ ತೋರಿಸಿದರು. ಚಿಕ್ಕಮ್ಮ ಎಷ್ಟಾಯಿತೆಂದು ಕೇಳಿದಾಗ ಒಮ್ಮೆ ನನ್ನ ಕಡೆ ತಿರುಗಿ ನೋಡಿ, “ಇನ್ನೂರೈವತ್ತೋ ಮುನ್ನೂರೋ, ಸರಿಯಾಗಿ ಗೊತ್ತಿಲ್ಲ, ಇವಳೇ ಕೊಟ್ಟದ್ದು” ಎಂದರು.