ಕೊಪ್ಪಳದ ಕರಿಬೂದಿಯೂ ಸರಾಸರಿಯ ಲೆಕ್ಕವೂ

ಕೊಪ್ಪಳ ತಾಲ್ಲೂಕಿನ ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳದ ಸುತ್ತ ಒಣಹಾಕಿದ ಬಟ್ಟೆಯೂ ಹೊಲದ ಹತ್ತಿಯೂ ಕಪ್ಪಾಗುತ್ತವೆ ಎಂಬ ದೂರು ಹಳೆಯದು. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆಯನ್ನು ವಿರೋಧಿಸಿ ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಸಾವಿರಾರು ಜನ ಬೀದಿಗಿಳಿದಾಗಲೂ ಈ ಕರಿಬೂದಿಯೇ ಎಲ್ಲರ ಬಾಯಲ್ಲಿತ್ತು. ಅಲ್ಲಿನ ಮಾಳಿಗೆಯೊಂದರ ಮೇಲೆ ಗುಡಿಸಿಟ್ಟ ಧೂಳಿನ ಬಳಿ ಅಯಸ್ಕಾಂತ ಹಿಡಿದರೆ ಒಂದಷ್ಟು ಭಾಗ ರೋಮದಂತೆ ಎದ್ದು ಅಂಟಿಕೊಳ್ಳುತ್ತದೆ, ಉಳಿದದ್ದು ಕಲ್ಲಿದ್ದಲ ಮಸಿಯಂತೆ ಕೆಳಗೇ ಇರುತ್ತದೆ.

ಆದರೆ ಕಣ್ಣಿಗೆ ಕಾಣುವ ಈ ಧೂಳು ಬಹುಮಟ್ಟಿಗೆ ಮೂಗು, ಗಂಟಲಿನಲ್ಲೇ ತಡೆದು ನಿಲ್ಲುವಷ್ಟು ದಪ್ಪದ್ದು. ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುವುದು 2.5 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸಣ್ಣ ಕಣ. ಅದು ಹೀಗೆ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಯಾರೂ ಅದನ್ನು ಜಿಲ್ಲಾಧಿಕಾರಿಯ ಮೇಜಿನ ಮೇಲೆ ಸುರಿದು ತೋರಿಸಲಾರರು. ರಸ್ತೆಗೆ ನೀರು ಚಿಮುಕಿಸಿ ದೂರು ಮುಗಿಸುವುದು ಸುಲಭವಾಗಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿನ, ಕಲ್ಲಿದ್ದಲು ಬಳಸುವ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ಪಡೆಯುವ ಕಬ್ಬಿಣ) ಘಟಕದಲ್ಲಿ ಅದಿರು, ಕಲ್ಲಿದ್ದಲು, ಡಾಲಮೈಟ್ ಮೂರೂ ಉದ್ದನೆಯ ತಿರುಗುವ ಕುಲುಮೆಯಲ್ಲಿ ಬೇಯುತ್ತವೆ. ಹೊರಬರುವ ಹೊಗೆ ವಿದ್ಯುತ್ ಬಲದಿಂದ ಧೂಳನ್ನು ಹಿಡಿಯುವ ಇಎಸ್‌ಪಿ ಯಂತ್ರವನ್ನು ಹಾದು ಚಿಮಣಿ ಸೇರಬೇಕು. ತುರ್ತು ಸಂದರ್ಭಕ್ಕೆಂದು ಇರುವ ಇನ್ನೊಂದು ಕೊಳವೆಯ ಮುಚ್ಚಳ ತೆರೆದರೆ ಹೊಗೆ ಆ ಯಂತ್ರವನ್ನು ಮುಟ್ಟದೆ ನೇರವಾಗಿ ಆಕಾಶಕ್ಕೆ ಹೋಗುತ್ತದೆ, ಚಿಮಣಿಗೆ ಕೂಡಿಸಿದ ಅಳತೆಯ ಉಪಕರಣಕ್ಕೆ ಅದು ಸಿಗುವುದೂ ಇಲ್ಲ. ಇದು ರಾತ್ರಿಯೇ ಹೆಚ್ಚು ಎನ್ನುವುದು ಊರವರ ಆರೋಪ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳದೆ ಇರುವುದರಿಂದ, ಹಾಗೆ ಬಿಟ್ಟ ಹೊಗೆ ಮಲಗಿದವರ ಮನೆಗಳ ನಡುವೆಯೇ ನಿಲ್ಲುತ್ತದೆ.

ನಮ್ಮ ದೇಶದ ಗಾಳಿಯ ಮಾನದಂಡ ಇದನ್ನು ಹೇಗೆ ಮುಚ್ಚಿಡಬಲ್ಲದು ಎಂಬುದಕ್ಕೆ ಒಂದು ಲೆಕ್ಕ ಸಾಕು. 10 ಮೈಕ್ರಾನ್‌ವರೆಗಿನ ಧೂಳಿಗೆ 24 ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ರಾತ್ರಿಯ 6 ಗಂಟೆ 300, ಉಳಿದ 18 ಗಂಟೆ 30 ಇತ್ತೆಂದುಕೊಳ್ಳಿ, ಸರಾಸರಿ 97.5 ಬರುತ್ತದೆ, ವರದಿ ಶುದ್ಧ! ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದೇ ಧೂಳಿಗೆ ಸೂಚಿಸಿದ ದಿನದ ಮಿತಿಯಂತೂ 45 ಮಾತ್ರ.

ಬೀಡಿ, ಸೌದೆ ಒಲೆಗಳಿಂದಲೂ ದಮ್ಮು ಬರುತ್ತದೆ ಎಂಬ ಕಾರ್ಖಾನೆಗಳ ಪರ ವಾದ ಸುಳ್ಳಲ್ಲ. ಆದರೆ ಮೊದಲೇ ದಣಿದ ಶ್ವಾಸಕೋಶಕ್ಕೆ ಇನ್ನಷ್ಟು ಹೊಗೆ ಕುಡಿಸಲು ಅದು ಪರವಾನಗಿಯಾಗಲಾರದು. ಯಾವುದರ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರ್ ಇರಬೇಕು. ಕೆಮ್ಮೆಂದು ಬಂದವರ ಊರು, ಕಸುಬು, ಒಲೆ, ಬೀಡಿಯ ವಿವರ ದಾಖಲಾಗಬೇಕು. ಗಂಟೆಗಂಟೆಯ ಗಾಳಿಯ ಅಳತೆ ಆ ಊರುಗಳ ಒಳಗೇ ನಡೆದು ಪಂಚಾಯಿತಿಯ ಗೋಡೆಯ ಮೇಲೆ ಕಾಣಬೇಕು. ವಿಸ್ತರಣೆಯ ಅರ್ಜಿಗಳನ್ನು ಅದಕ್ಕೂ ಮೊದಲು ಪರಿಶೀಲಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.