ಮೊಲದ ಹಿಕ್ಕೆ ಎಣಿಸುವ ಕೆಲಸ

ಮಗಳು ಮೈಸೂರಿಗೆ ಓದಲಿಕ್ಕೆ ಹೋಗುವಾಗ ನನಗೆ ಎರಡು ಕೆಲಸ ಒಪ್ಪಿಸಿ ಹೋಗಿದ್ದಳು. ಒಂದು, ಮಳೆಗಾಲದಲ್ಲಿ ಅವಳ ರೂಮಿನ ಕಿಟಕಿ ಮುಚ್ಚಿಡುವುದು. ಇನ್ನೊಂದು ಗುಂಡ. ಕಿಟಕಿ ವಿಷಯದಲ್ಲಿ ನಾನು ಒಂದು ದಿನವೂ ತಪ್ಪಿಲ್ಲ.

ಗುಂಡ ಅಂದರೆ ಮೊಲ. ಬಿಳಿ ಮೈ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು, ವಯಸ್ಸು ನಾಲ್ಕು ವರ್ಷ. ತೀರ್ಥಹಳ್ಳಿ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಹಳೇ ಮನೆ. ಜಗಲಿಯ ಮೂಲೆಯಲ್ಲಿ ಗುಂಡನ ಗೂಡು. ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿ ಪೂರ್ತಿ ಒಂದು ಸುತ್ತು ಓಡಿ, ಅಮ್ಮನ ಕುರ್ಚಿ ಕೆಳಗೆ ಹೋಗಿ ಕೂರುತ್ತದೆ. ಅಲ್ಲಿ ಬಿಸ್ಕತ್ತಿನ ಚೂರು ಬೀಳುತ್ತದೆ ಅಂತ ಅದಕ್ಕೆ ಗೊತ್ತು. ಬೀಳುತ್ತದೆ ಅನ್ನುವುದಕ್ಕಿಂತ ಅಮ್ಮ ಬೀಳಿಸುತ್ತಾರೆ.

ಕಳೆದ ಜುಲೈ. ಆಗುಂಬೆ ಕಡೆಯಿಂದ ಮಳೆ ಹಿಡಿದು ಹನ್ನೆರಡು ದಿನ ಆಗಿತ್ತು. ಮಧ್ಯೆ ಎರಡು ದಿನ ಮಳೆ ಬಿಟ್ಟು ಹೊಳವಾಯಿತು ಅಂತ ಅಡಿಕೆ ಮರ ಹತ್ತುವ ಕೊನೆಗಾರನನ್ನು ಹಿಡಿದು ತಂದು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಿದ್ದೆ. ಆ ಗಡಿಬಿಡಿಯಲ್ಲಿ ಗುಂಡನ ಕಡೆ ಸರಿಯಾಗಿ ನೋಡಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಗೂಡು ಗುಡಿಸುವಾಗ ಕೆಲಸ ಬೇಗ ಮುಗಿಯಿತು. ಹಿಡಿಯಷ್ಟೂ ಹಿಕ್ಕೆ ಇರಲಿಲ್ಲ. ನನಗೆ ಖುಷಿಯಾಯಿತು! ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೆ ನಿಜ ಹೇಳಬೇಕಲ್ವಾ.

ಮಧ್ಯಾಹ್ನ ಹಾಕಿದ ಕ್ಯಾರೆಟ್ ಹಾಗೇ ಇತ್ತು. ಸಂಜೆ ಅಮ್ಮ ಚಹಾ ಕುಡಿಯುತ್ತಾ "ಎಂತದು ಇವತ್ತು ಬಿಸ್ಕತ್ತಿಗೂ ಬರಲಿಲ್ಲ ಇದು" ಅಂದಾಗಲೇ ನಾನು ಬಗ್ಗಿ ನೋಡಿದ್ದು. ಗೂಡಿನ ಮೂಲೆಯಲ್ಲಿ ಮುದುಡಿ ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಳ್ಳುವುದು, ಸ್ವಲ್ಪ ಹೊತ್ತಿಗೆ ಎದ್ದು ಜಾಗ ಬದಲಿಸುವುದು, ಮತ್ತೆ ಒತ್ತಿಕೊಳ್ಳುವುದು. ಕಿವಿ ಮುಟ್ಟಿದರೆ ತಣ್ಣಗೆ. ಹತ್ತಿರ ಕಿವಿಯಿಟ್ಟರೆ ಕಟಕಟ ಅಂತ ಹಲ್ಲು ಮಸೆಯುವ ಸದ್ದು. ತಲೆ ಸವರಿದಾಗ ಸುಖಕ್ಕೆ ಮೆಲ್ಲಗೆ ಹಲ್ಲಾಡಿಸುತ್ತದೆ, ಅದು ನನಗೆ ಗೊತ್ತಿತ್ತು. ಇದು ಆ ಸದ್ದಲ್ಲ, ಜೋರಾಗಿತ್ತು. ನೋವಿಗೆ ಮೊಲ ಹೀಗೆ ಹಲ್ಲು ಮಸೆಯುತ್ತದೆ ಅಂತ ಆಮೇಲೆ ತಿಳಿಯಿತು. ನಾಯಿಯಾದರೆ ಕುಂಯ್‌ಗುಡುತ್ತದೆ. ಮೊಲ ಹುಟ್ಟಿದ್ದೇ ಯಾರಾದರೂ ಹಿಡಿದು ತಿನ್ನಲಿಕ್ಕೆ ಅನ್ನುವ ಹಾಗಿರುವ ಪ್ರಾಣಿ, ಕಾಯಿಲೆ ಬಿದ್ದಿದ್ದೇನೆ ಅಂತ ತೋರಿಸಿಕೊಂಡರೆ ನರಿ ಮೊದಲು ಅದನ್ನೇ ಹಿಡಿಯುತ್ತದೆ, ಹಾಗಾಗಿ ಕೊನೆ ಗಳಿಗೆವರೆಗೂ ಸುಮ್ಮನಿರುತ್ತದೆ.

ನಾನು ಆಗಲೇ ತೀರ್ಮಾನ ಮಾಡಿಬಿಟ್ಟೆ. ಕೊಳೆ ಔಷಧಿಗೆ ಹಾಕುವ ಮೈಲುತುತ್ತ. ತೋಟದ ಬದುವಿನಿಂದ ಗರಿಕೆ ಕಿತ್ತು ಹಾಕಿದ್ದೆ, ಅದರ ಮೇಲೆ ಔಷಧಿ ತೊಟ್ಟಿಕ್ಕಿದೆ, ವಿಷವಾಗಿದೆ, ಅಷ್ಟೇ. ಇವಳು, ನನ್ನ ಹೆಂಡತಿ, "ಆ ಗರಿಕೆ ಕಿತ್ತಿದ್ದು ಔಷಧಿ ಹೊಡೆಯುವ ಮುಂಚೆ ಅಲ್ವಾ" ಅಂತ ಎರಡು ಸಲ ಹೇಳಿದಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ನನಗೋಸ್ಕರವೇ ಹುಟ್ಟಿದ್ದಿರಬೇಕು.

ಬೈಕು ಹತ್ತಿ ಪೇಟೆಗೆ ಹೋದೆ. ಒಂದು ಔಷಧಿ ಅಂಗಡಿಯಲ್ಲಿ ವಿಷಯ ಹೇಳಿದರೆ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟು "ಸಣ್ಣ ಪ್ರಾಣಿ ಅಲ್ವಾ, ಅರ್ಧ ಚಮಚ ಸಾಕು" ಅಂದರು. ಮನೆಗೆ ತಂದು ಬಾಟಲಿ ಮುಚ್ಚಳ ತೆಗೆದಿದ್ದೆ ಕೂಡ. ಇವಳು ಕೈ ಹಿಡಿದಳು. "ಯಾರನ್ನಾದರೂ ಕೇಳದೆ ಕೊಡಬೇಡಿ." ಪುಣ್ಯಾತ್ಗಿತ್ತಿ. ಮೊಲದ ಹೊಟ್ಟೆಯಲ್ಲಿ ಹುಲ್ಲನ್ನು ಹುಳಿ ಬರಿಸಿ ಅರಗಿಸುವ ಒಳ್ಳೆ ಸೂಕ್ಷ್ಮಜೀವಿಗಳು ಇರುತ್ತವೆ. ಬಾಯಿಗೆ ಆ ಜಾತಿಯ ಆಂಟಿಬಯೋಟಿಕ್ ಹೋದರೆ ಅವು ಸಾಯುತ್ತವೆ, ಆ ಜಾಗದಲ್ಲಿ ಕೆಟ್ಟವು ಬೆಳೆದು ವಿಷ ಬಿಡುತ್ತವೆ, ಮೊಲವೇ ಹೋಗಿಬಿಡಬಹುದು. ಆ ಬಾಟಲಿ ಇನ್ನೂ ನಮ್ಮ ಕಪಾಟಿನಲ್ಲಿದೆ. ಎಸೆಯಲಿಕ್ಕೆ ಮನಸ್ಸು ಬಂದಿಲ್ಲ, ಯಾಕೆ ಅಂತ ಗೊತ್ತಿಲ್ಲ.

ನಮ್ಮ ದನ ನೋಡುವ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನೇರವಾಗಿ "ಮೊಲ ನನಗೆ ಅಭ್ಯಾಸ ಇಲ್ಲ ಮಾರಾಯ್ರೆ, ಸುಮ್ನೆ ಏನೋ ಹೇಳೋದು ಬೇಡ" ಅಂದು ಶಿವಮೊಗ್ಗದ ಒಬ್ಬ ವೈದ್ಯೆಯ ನಂಬರ್ ಕೊಟ್ಟರು. ಈ ಮಾತಿಗೆ ನಾನು ಅವರಿಗೆ ಋಣಿ. ಗೊತ್ತಿಲ್ಲ ಅಂತ ಹೇಳುವವರು ಸಿಗುವುದು ಕಷ್ಟ.

ರಾತ್ರಿ ಒಂಬತ್ತೂವರೆ. ಆ ವೈದ್ಯೆ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಏನು ತಿಂದಿದೆ ಅಂತ ಅಲ್ಲ. "ಕೊನೇ ಸಲ ಹಿಕ್ಕೆ ಹಾಕಿದ್ದು ಯಾವಾಗ?" ನಾನು ತಡವರಿಸಿದೆ. "ನಿನ್ನೆ ಎಷ್ಟಿತ್ತು? ಸೈಜು ಹೇಗಿತ್ತು? ಕಡಲೆಕಾಳಿನ ಹಾಗಾ, ಅದಕ್ಕಿಂತ ಸಣ್ಣದಾ?" ನಾಲ್ಕು ವರ್ಷ ಗುಡಿಸಿದ್ದೇನೆ, ಒಂದು ದಿನ ನೋಡಿಲ್ಲ. ಚೆನ್ನಾಗಿರುವ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಬೆಳಿಗ್ಗೆ ಬರುತ್ತೇವೆ ಅಂದೆ. "ಹನ್ನೆರಡು ಗಂಟೆ ತಿನ್ನದೆ ಇದ್ದರೆ ಮೊಲಕ್ಕೆ ಅದೇ ಎಮರ್ಜೆನ್ಸಿ. ನೀವು ಹೇಳೋದು ನೋಡಿದರೆ ಆಗಲೇ ದಾಟಿದೆ. ಈಗಲೇ ಹೊರಡಿ, ಬೆಚ್ಚಗೆ ಇಟ್ಟುಕೊಂಡು ಬನ್ನಿ, ಹೊಟ್ಟೆ ನಾನು ಮುಟ್ಟಿ ನೋಡುವ ತನಕ ಬಾಯಿಗೆ ಏನೂ ತುರುಕಬೇಡಿ."

ಹೊರಟೆವು. ಮನೆಯಲ್ಲಿ ಬಿಸಿನೀರಿನ ಚೀಲ ಇರಲಿಲ್ಲ. ಭಾವ ಬಿಟ್ಟುಹೋಗಿದ್ದ ಖಾಲಿ ಬ್ರಾಂದಿ ಬಾಟಲಿಗೆ ಬಚ್ಚಲ ಹಂಡೆಯ ನೀರು ತುಂಬಿ, ಟವೆಲ್ ಸುತ್ತಿ, ಗುಂಡನ ಪಕ್ಕ ಇಟ್ಟು, ಇಬ್ಬರನ್ನೂ ಇವಳ ಮಡಿಲಿಗೆ ಹಾಕಿದೆ. ಯಾರಾದರೂ ಕಾರು ನಿಲ್ಲಿಸಿ ಚೆಕ್ ಮಾಡಿದ್ದರೆ ಏನು ಹೇಳುತ್ತಿದ್ದೆನೋ.

ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರ್ ಹತ್ತಿರ ಹತ್ತಿರ. ಹಗಲು ಒಂದೂವರೆ ಗಂಟೆಯ ದಾರಿ. ಆ ರಾತ್ರಿ ವೈಪರ್ ಎಷ್ಟು ಜೋರು ಓಡಿದರೂ ಮುಂದೆ ಎರಡು ಮಾರು ಬಿಟ್ಟರೆ ಏನೂ ಕಾಣದು. ಬಲಗಡೆಯೋ ಎಡಗಡೆಯೋ ತುಂಗೆ ಹರಿಯುವ ಸದ್ದು ಮಾತ್ರ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವ ಕಾಲ ಅದು, ಹಗಲಾದರೆ ನಿಲ್ಲಿಸಿ ನೋಡುತ್ತಿದ್ದೆವು. ಒಂದು ಕಡೆ ರಸ್ತೆಗೆ ಮರದ ಕೊಂಬೆ ಬಿದ್ದಿತ್ತು, ಇಳಿದು ಎಳೆದು ಹಾಕಿ ಬಂದೆ. ಸಕ್ರೆಬೈಲು ಆನೆ ಬಿಡಾರದ ಬೋರ್ಡ್ ಕಂಡಾಗ ಇವಳು "ನೋಡಿ, ಆನೆಗೆ ಬೇಕಾದರೆ ಇಲ್ಲೇ ಡಾಕ್ಟರಿದ್ದಾರೆ" ಅಂದಳು. ನಗು ಬಂತು. ಆಮೇಲೆ ಗಾಜನೂರು ದಾಟುವ ತನಕ ಇಬ್ಬರೂ ಮಾತಾಡಲಿಲ್ಲ. ಆಗಾಗ ಅವಳು ಟವೆಲ್ ಒಳಗೆ ಕೈ ಹಾಕಿ "ಉಸಿರಾಡ್ತಿದೆ" ಅನ್ನುತ್ತಿದ್ದಳು.

ವೈದ್ಯೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲೇ ಓದಿದವರಂತೆ, ನಮ್ಮ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ನೈಟಿ ಮೇಲೆ ಸ್ವೆಟರ್ ಹಾಕಿಕೊಂಡು ಬಂದು ಕ್ಲಿನಿಕ್ ಬಾಗಿಲು ತೆಗೆದರು. ಜ್ವರ ನೋಡಿದರೆ 99 ಡಿಗ್ರಿ. ನಾನು "ಪರವಾಗಿಲ್ಲ, ಜ್ವರ ಇಲ್ಲ" ಅಂದೆ. ಅವರು ನನ್ನ ಮುಖ ನೋಡಿದರು. ಮೊಲದ ಮೈ 101ರಿಂದ 103 ಇರಬೇಕಂತೆ, 99 ಅಂದರೆ ತಣ್ಣಗಾಗುತ್ತಿದೆ ಅಂತ ಅರ್ಥ. ಎಕ್ಸ್‌ರೇ ತೆಗೆದರು. ಕರುಳಿನಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಕರುಳು ಓಡಿಸುವ ಔಷಧಿ ಕೊಡುವ ಹಾಗಿಲ್ಲ, ಮೊಲಕ್ಕೆ ವಾಂತಿ ಮಾಡಲಿಕ್ಕೂ ಬರುವುದಿಲ್ಲ, ಒಳಗೆ ಹೋದದ್ದು ಮುಂದೆ ಹೋಗಲೇಬೇಕು. ಸಿಕ್ಕಿಕೊಂಡಿರಲಿಲ್ಲ. ಕರುಳು ನಿಂತಿತ್ತು ಅಷ್ಟೇ, ನಿಂತಲ್ಲಿ ಗ್ಯಾಸ್ ತುಂಬಿತ್ತು. ನೋವಿಗೆ ಮೆಲಾಕ್ಸಿಕಾಮ್ ಚುಚ್ಚಿದರು, ಚರ್ಮದ ಕೆಳಗೆ ಬೆಚ್ಚಗಿನ ಗ್ಲೂಕೋಸ್ ನೀರಿನಂಥದ್ದು ಬಿಟ್ಟರು, ಭುಜದ ಹತ್ತಿರ ಒಂಟೆ ಡುಬ್ಬದ ಹಾಗೆ ಉಬ್ಬಿತು. ಕರುಳಿನ ಔಷಧಿ ಬೇರೆ.

ಆಮೇಲೆ ಕಿವಿ ನೋಡುವ ಟಾರ್ಚನ್ನು ಬಾಯಿಯೊಳಗೆ ಹಾಕಿ ಇಣುಕಿದರು. "ಬನ್ನಿ, ನೀವೂ ನೋಡಿ." ದವಡೆ ಹಲ್ಲಿನ ಅಂಚು ಮುಳ್ಳಿನ ಹಾಗೆ ಒಳಗೆ ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. ನಾಲಿಗೆ ಪಕ್ಕ ಹುಣ್ಣು. ಮೈಲುತುತ್ತಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಮುಂದಿನದ್ದಂತೂ ವಾರಕ್ಕೆ 2-3 ಮಿಲಿಮೀಟರ್. ಸವೆಯಬೇಕಾದರೆ ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅಗಿಯಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಒಣಹುಲ್ಲು ಎಲ್ಲಿ? ಗೊಣಬೆಯ, ಅಂದರೆ ಬಣವೆಯ, ಹುಲ್ಲು ಜೂನ್ ಮುಗಿಯುವಷ್ಟರಲ್ಲಿ ಬೂಸಲು ಹಿಡಿದಿತ್ತು, ಅದನ್ನು ಹಾಕಬಾರದು ಅನ್ನುವಷ್ಟು ಬುದ್ಧಿ ನನಗಿತ್ತು. ಅದರ ಬದಲು ಅಂಗಡಿಯ ಪೆಲೆಟ್, ಅಂದರೆ ಮೊಲದ ತಿಂಡಿಯ ಗುಳಿಗೆ, ಜಾಸ್ತಿ ಹಾಕಿದೆ, ಕ್ಯಾರೆಟ್ ಹಾಕಿದೆ, ಅಮ್ಮನ ಬಿಸ್ಕತ್ತು, ಅವಲಕ್ಕಿ. ಎಲ್ಲಾ ಮೆತ್ತಗೆ, ಎಲ್ಲಾ ಸಿಹಿ. ಹಲ್ಲೂ ಸವೆಯಲಿಲ್ಲ, ಕರುಳಿಗೂ ನಾರು ಸಿಗಲಿಲ್ಲ. ಹಲ್ಲು ಚುಚ್ಚಿ ನೋವು, ನೋವಿಗೆ ಊಟ ಬಿಟ್ಟಿತು, ಊಟ ಬಿಟ್ಟದ್ದಕ್ಕೆ ಕರುಳು ನಿಂತಿತು, ಕರುಳು ನಿಂತದ್ದಕ್ಕೆ ಇನ್ನಷ್ಟು ನೋವು. ಕ್ಯಾರೆಟ್ ಅಂದರೆ ಮೊಲದ ಊಟ ಅಂತ ಮಕ್ಕಳ ಪುಸ್ತಕದಲ್ಲಿ ಚಿತ್ರ ಬರೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಬೆಳಗಿನ ಜಾವ ಮನೆಗೆ ಬಂದೆವು. ಬೆಳೆದ ಹಲ್ಲಿನ ಅಂಚು ತೇಯುವುದಕ್ಕೆ ಅರಿವಳಿಕೆ ಬೇಕು, ಈ ಸ್ಥಿತಿಯಲ್ಲಿ ತಡೆಯುವುದಿಲ್ಲ, ಸ್ವಲ್ಪ ಗಟ್ಟಿಯಾದ ಮೇಲೆ ಕರೆದುಕೊಂಡು ಬನ್ನಿ ಅಂದಿದ್ದರು. ಅಲ್ಲಿಯ ತನಕ ಸಿರಿಂಜಿನಲ್ಲಿ ಊಟ. ಲೆಕ್ಕ ಬರೆದುಕೊಟ್ಟಿದ್ದರು: ಅದರ 1.8 ಕೆಜಿ ತೂಕಕ್ಕೆ ನಾಲ್ಕು ಗಂಟೆಗೊಮ್ಮೆ 15 ಎಂಎಲ್, ದಿನಕ್ಕೆ ಆರು ಸಲ, ರಾತ್ರಿಯೂ ಸೇರಿ.

ಹೇಳುವುದು ಸುಲಭ. ಪೆಲೆಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಬೇಕು, ಇಲ್ಲದಿದ್ದರೆ ಸಿರಿಂಜು ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡಿತು ಅಂತ ಜೋರಾಗಿ ಒತ್ತಿದರೆ ಒಂದೇ ಸಲ ಚಿಮ್ಮುತ್ತದೆ, ಮೊದಲ ದಿನ ನನ್ನ ಕನ್ನಡಕ, ಗೋಡೆಯ ಕ್ಯಾಲೆಂಡರ್ ಎರಡೂ ಹಸಿರಾಗಿದ್ದವು. ಕರೆಂಟ್ ಇಲ್ಲದಾಗ ಮಿಕ್ಸಿ ಓಡದು, ಅಮ್ಮ ಒರಳಲ್ಲಿ ರುಬ್ಬಿ ಕೊಟ್ಟರು. ಮೊಲವನ್ನು ಟವೆಲಿನಲ್ಲಿ ಮಗುವಿನ ಹಾಗೆ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇದೆ ನೋಡಿ, ಅಲ್ಲಿ ಪಕ್ಕದಿಂದ ಸಿರಿಂಜು ತೂರಿಸಬೇಕು. ಒಂದು ಎಂಎಲ್ ಹಾಕಿ ಕಾಯಬೇಕು. ಅಗಿದು ನುಂಗಿದ ಮೇಲೆ ಇನ್ನೊಂದು. ತಲೆ ಹಿಂದಕ್ಕೆ ಎತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಸಲದ ಊಟಕ್ಕೆ ಮುಕ್ಕಾಲು ಗಂಟೆ.

ಅದರ ಜೊತೆ ಎಣಿಕೆ. ಮೊದಲ ದಿನ ಸೊನ್ನೆ. ಎರಡನೇ ದಿನ ಬೆಳಿಗ್ಗೆ ಸೊನ್ನೆ. ಮಗಳು ದಿನಾ ರಾತ್ರಿ ವಿಡಿಯೋ ಕಾಲ್ ಮಾಡಿ "ಗುಂಡನ್ನ ತೋರ್ಸಿ ಅಪ್ಪ" ಅನ್ನುತ್ತಾಳೆ. ಅವಳಿಗೆ ಪರೀಕ್ಷೆ ಇದ್ದದ್ದರಿಂದ ಗುಂಡನ ವಿಷಯ ನಾವು ಹೇಳಿರಲಿಲ್ಲ. ಮಲಗಿದೆ, ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ. ಮಲೆನಾಡಿನಲ್ಲಿ ಸುಳ್ಳಿಗೆ ನೆಪ ಹುಡುಕಬೇಕಾಗಿಲ್ಲ.

ಎರಡನೇ ದಿನ ರಾತ್ರಿ ಎರಡು ಗಂಟೆ ಊಟಕ್ಕೆ ಎದ್ದಾಗ ಟಾರ್ಚ್ ಬೆಳಕಿನಲ್ಲಿ ಹಾಸಿದ ಗೋಣಿ ಮೇಲೆ ಏನೋ ಕಂಡಿತು. ಕಾಳುಮೆಣಸಿನಷ್ಟು ಸಣ್ಣದು, ಒಣಕಲು, ಕೂದಲಿನಿಂದ ಒಂದಕ್ಕೊಂದು ಪೋಣಿಸಿಕೊಂಡಿತ್ತು. ಎಣಿಸಿದೆ. ಹನ್ನೊಂದು. ಇವಳನ್ನು ಎಬ್ಬಿಸಿದೆ. ಅಮ್ಮನನ್ನೂ ಎಬ್ಬಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿ "ಇದಕ್ಕೆ ಎಬ್ಬಿಸಿದ್ದಾ?" ಅಂದು ಹೋಗಿ ಮಲಗಿದರು. ಬೆಳಿಗ್ಗೆ ದೇವರಿಗೆ ಕಾಯಿ ಇಟ್ಟಿದ್ದನ್ನು ನಾನು ನೋಡಿದೆ.

ಐದನೇ ದಿನ ಹಲ್ಲು ತೇಯಿಸಿದೆವು. ಅರಿವಳಿಕೆ ಅಂದರೆ ಖಾಲಿ ಹೊಟ್ಟೆ ಇರಬೇಕು ಅಂತ ನಾನು ಬೆಳಗಿನ ಊಟ ತಪ್ಪಿಸಿದ್ದೆ, ಅದಕ್ಕೂ ಬೈಸಿಕೊಂಡೆ. ವಾಂತಿ ಮಾಡದ ಪ್ರಾಣಿಯನ್ನು ಉಪವಾಸ ಹಾಕಬಾರದು. ಕೆಲಸ ಅರ್ಧ ಗಂಟೆ. ಎಚ್ಚರವಾಗುವಾಗ ನಾನು ಹೊರಗೆ ನಿಂತಿದ್ದೆ, ನೋಡಲಿಕ್ಕೆ ಆಗಲಿಲ್ಲ. ಮಾರನೇ ದಿನ ಸಂಜೆ ತಾನಾಗಿಯೇ ಒಂದು ಗರಿಕೆ ಎಸಳು ಎಳೆದುಕೊಂಡಿತು. ತುದಿಯಿಂದ ಶುರುಮಾಡಿ ಒಳಗೆ ಒಳಗೆ ಹೋಗುತ್ತಾ ಇತ್ತು.

ಹುಲ್ಲಿಗೆ ಈಗ ದಾರಿ ಕಂಡುಕೊಂಡಿದ್ದೇನೆ. ಔಷಧಿ ಬೀಳದ ಗದ್ದೆಯಂಚಿನ ಹುಲ್ಲು ಕೊಯ್ದು ಅಡಿಕೆ ಡ್ರೈಯರ್‌ನಲ್ಲಿ ಒಣಗಿಸುತ್ತೇನೆ. ಅಡಿಕೆಗೆ ಇಷ್ಟು ರೇಟಿರುವಾಗ ಡ್ರೈಯರ್‌ಗೆ ಹುಲ್ಲು ಹಾಕುವವನು ಊರಿಗೆ ನಾನೊಬ್ಬನೇ. ಬಿಸ್ಕತ್ತು ನಿಂತಿದೆ ಅಂತ ಅಮ್ಮ ಹೇಳುತ್ತಾರೆ. ಹಲ್ಲು ಪೂರ್ತಿ ಸರಿಹೋಗುವಂಥದ್ದಲ್ಲವಂತೆ, ಎರಡು ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಬೇಕು. ಇಲ್ಲಿಯ ತನಕ ಎರಡು ಸಲ ಹೋಗಿ ಬಂದಿದ್ದೇವೆ.

ಮಗಳಿಗೆ ಪರೀಕ್ಷೆ ಮುಗಿದ ಮೇಲೆ ಹೇಳಿದೆ. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಕರಾರು ಹಾಕಿದಳು: ದಿನಾ ಬೆಳಿಗ್ಗೆ ಏಳಕ್ಕೆ ಹಿಕ್ಕೆಯ ಫೋಟೋ ಕಳಿಸಬೇಕು, ಅಳತೆಗೆ ಪಕ್ಕದಲ್ಲಿ ಒಂದು ಕಡಲೆಕಾಳು ಇಡಬೇಕು. ಕಳಿಸುತ್ತೇನೆ. ಹೋದ ವಾರ ಕನ್ನಡಕ ಇಲ್ಲದೆ ಒತ್ತಿ ಫ್ಯಾಮಿಲಿ ಗ್ರೂಪಿಗೆ ಹೋಗಿಬಿಟ್ಟಿತು. ಹತ್ತು ನಿಮಿಷಕ್ಕೆ ಭಾವನ ಮೆಸೇಜ್: "ಮೆಣಸು ಚೆನ್ನಾಗಿ ಒಣಗಿದೆ. ಈ ಸಲ ಎಷ್ಟು ಕ್ವಿಂಟಾಲ್ ಆಗಬಹುದು?"